ಕರಾವಳಿಯಿಂದ ಷೆಂಗೆನ್ ವೀಸಾ: ಅಡಿಕೆಯ ದುಡ್ಡು, ಸೊಸೈಟಿ ಠೇವಣಿ, ತಾಯಿ ಕಡೆಯ ಸರ್‌ನೇಮು

ಯುರೋಪ್ ಪ್ರವಾಸಕ್ಕೆ ಬೇಕಾದ ಷೆಂಗೆನ್ ವೀಸಾದ ಕಾಗದಪತ್ರಗಳ ಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ. ಆದರೆ ಅದು ಹೊಂದುವುದು ತಿಂಗಳ ಸಂಬಳ ಒಂದೇ ಖಾತೆಗೆ ಬಂದು ಬೀಳುವ, ಅಪ್ಪನ ಸರ್‌ನೇಮೇ ಮಕ್ಕಳಿಗೂ ಇರುವ ಮನೆಗಳಿಗೆ. ಪುತ್ತೂರಿನ ಅಡಿಕೆ ಕೃಷಿಕರು, ಮಲ್ಪೆಯ ಬೋಟ್ ಮಾಲಕರು, ದುಬೈಯಲ್ಲಿರುವ ಮಗನ ಖರ್ಚಿನಲ್ಲಿ ಹೊರಟ ಕಾಪುವಿನ ಅಪ್ಪ ಅಮ್ಮ ಆ ಪಟ್ಟಿಯನ್ನು ಅಕ್ಷರಶಃ ಪಾಲಿಸಿದರೂ ಅರ್ಜಿಯಲ್ಲಿ ಸಂಶಯಕ್ಕೆ ಜಾಗ ಉಳಿದುಬಿಡುತ್ತದೆ. ದುಡ್ಡು ಇರುತ್ತದೆ, ವಾಪಸ್ ಬರುವ ಉದ್ದೇಶವೂ ಇರುತ್ತದೆ, ಅದು ಕಾಗದದಲ್ಲಿ ಕಾಣುವುದಿಲ್ಲ. ಅರ್ಜಿಯನ್ನು ತೀರ್ಮಾನಿಸುವ ಅಧಿಕಾರಿ ಸಾಮಾನ್ಯವಾಗಿ ನಿಮ್ಮ ಮುಖ ನೋಡುವುದಿಲ್ಲ, ಫೈಲನ್ನಷ್ಟೇ ಓದುತ್ತಾರೆ. ನಮ್ಮ ಊರಿನ ರೀತಿ ರಿವಾಜು ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಆ ಫೈಲನ್ನು ಜೋಡಿಸುವುದು ಹೇಗೆ ಎಂಬುದನ್ನೇ ಇಲ್ಲಿ ಹೆಚ್ಚು ಬರೆಯುತ್ತಿದ್ದೇನೆ.

ಮೊದಲು ಎಲ್ಲರಿಗೂ ಅನ್ವಯಿಸುವ ನಿಯಮಗಳು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪೇ ಷೆಂಗೆನ್ ವಲಯ, ಈಗ ಅದರಲ್ಲಿ 29 ದೇಶಗಳಿವೆ. ರೊಮೇನಿಯಾ ಮತ್ತು ಬಲ್ಗೇರಿಯಾ 2025ರ ಜನವರಿಯಿಂದ ಪೂರ್ತಿಯಾಗಿ ಒಳಗೆ ಬಂದವು. ಬ್ರಿಟನ್, ಐರ್ಲೆಂಡ್, ಟರ್ಕಿ ಇದರಲ್ಲಿ ಇಲ್ಲ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯುರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯುರೋ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಇದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಕಟ್ಟಿದ್ದು ಹಿಂದೆ ಬರುವುದಿಲ್ಲ. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ತೀರ್ಮಾನಕ್ಕೆ ನಿಯಮದ ಪ್ರಕಾರ 15 ದಿನ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಎಳೆಯಬಹುದು.

ಆ ಅವಧಿಯಲ್ಲಿ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಗಲ್ಫ್‌ಗೆ ಹೋಗಿಬಂದು ಮಾಡುವವರು ಇದನ್ನು ಮೊದಲೇ ಯೋಚಿಸಬೇಕು. ಮಗಳ ಹೆರಿಗೆಗೆ ಅಬುಧಾಬಿಗೆ ಹೋಗಬೇಕಿರುವ ತಿಂಗಳಿನಲ್ಲಿ ಯುರೋಪ್ ಅರ್ಜಿ ಹಾಕಬೇಡಿ. ಏಪ್ರಿಲ್-ಮೇ ರಜೆಯಲ್ಲಿ ಹೋಗುವುದಾದರೆ ಜನವರಿಯಲ್ಲಿ ಕಾಗದಗಳು ತಯಾರಿರಬೇಕು, ಏಕೆಂದರೆ ಆ ಸಮಯದ ಅಪಾಯಿಂಟ್‌ಮೆಂಟ್ ಸ್ಲಾಟುಗಳು ಎಲ್ಲಕ್ಕಿಂತ ಬೇಗ ತುಂಬುತ್ತವೆ.

ಯಾವ ದೇಶಕ್ಕೆ ಅರ್ಜಿ ಎಂಬುದರಲ್ಲಿ ನಿಮ್ಮ ಇಷ್ಟ ನಡೆಯುವುದಿಲ್ಲ. ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶ. ಪ್ಯಾರಿಸ್‌ನಲ್ಲಿ 3, ಸ್ವಿಟ್ಜರ್ಲೆಂಡ್‌ನಲ್ಲಿ 4, ಇಟಲಿಯಲ್ಲಿ 3 ರಾತ್ರಿ ಎಂದರೆ ಸ್ವಿಟ್ಜರ್ಲೆಂಡ್. ಎಲ್ಲವೂ ಸಮ ಇದ್ದರೆ ಮೊದಲು ಕಾಲಿಡುವ ದೇಶ. 'ಆ ದೇಶದ ವೀಸಾ ಸುಲಭವಾಗಿ ಸಿಗುತ್ತದೆ' ಎಂಬ ಮಾತು ಕೇಳಿ ಅಲ್ಲಿಗೆ ಸುಳ್ಳು ಹೋಟೆಲ್ ಬುಕಿಂಗ್ ತೋರಿಸಿ, ವೀಸಾ ಬಂದ ಮೇಲೆ ಪ್ಲಾನ್ ಬದಲಾಯಿಸುವವರಿದ್ದಾರೆ. ಇಮಿಗ್ರೇಶನ್ ಕೌಂಟರಿನಲ್ಲಿ ಬುಕಿಂಗ್ ಕೇಳಿದರೆ ಅಲ್ಲೇ ಸಿಕ್ಕಿಬೀಳುತ್ತಾರೆ, ಮುಂದಿನ ಅರ್ಜಿಗಳ ಮೇಲೂ ಅದರ ನೆರಳು ಬೀಳುತ್ತದೆ.

ಈಗ ಹೆಸರಿನ ವಿಷಯ. ನಮ್ಮ ಕಡೆಯ ಅರ್ಜಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದ್ದು ಇದಕ್ಕೆ.

ಅಳಿಯಸಂತಾನದ ಮನೆಗಳಲ್ಲಿ ಮಕ್ಕಳಿಗೆ ತಾಯಿ ಕಡೆಯ ಸರ್‌ನೇಮ್ ಬರುವುದುಂಟು. ಅಪ್ಪ ರೈ, ಅಮ್ಮ ಶೆಟ್ಟಿ, ಮಗಳೂ ಶೆಟ್ಟಿ. ನಮಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಆದರೆ ಅಪ್ಪ ಮಗಳು ಇಬ್ಬರೇ ಹೊರಟಾಗ ಕಾಗದ ಓದುವವರಿಗೆ ಕಾಣುವುದು ಬೇರೆ ಸರ್‌ನೇಮಿನ ಗಂಡಸಿನ ಜೊತೆ ಹೋಗುತ್ತಿರುವ ಅಪ್ರಾಪ್ತ ಹುಡುಗಿ. ಆದ್ದರಿಂದ ಮಗುವಿನ ಜನನ ಪ್ರಮಾಣಪತ್ರ, ಅಪ್ಪ ಅಮ್ಮನ ಹೆಸರಿರುವ ಮಗುವಿನ ಪಾಸ್‌ಪೋರ್ಟಿನ ಕೊನೆಯ ಪುಟ, ತಂದೆತಾಯಿಯ ವಿವಾಹ ನೋಂದಣಿ ಪತ್ರ ಈ ಮೂರನ್ನೂ ಒಟ್ಟಿಗೆ ಇಡಿ. ಅರ್ಜಿಯ ಜೊತೆಗೆ ನೀವೇ ಬರೆದಿಡುವ ವಿವರಣೆಯ ಪತ್ರದಲ್ಲಿ, ಅಂದರೆ ಕವರಿಂಗ್ ಲೆಟರಿನಲ್ಲಿ, ಒಂದು ವಾಕ್ಯ ಸೇರಿಸಿ: ನಮ್ಮ ಸಮುದಾಯದಲ್ಲಿ ಮಕ್ಕಳು ತಾಯಿಯ ಕುಟುಂಬದ ಹೆಸರನ್ನು ಪಡೆಯುವ ಪದ್ಧತಿ ಇದೆ, ಸಂಬಂಧದ ದಾಖಲೆ ಇಂತಿಂಥ ಪುಟದಲ್ಲಿದೆ. ಅಷ್ಟು ಸಾಕು. ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ. ಅಂಥದ್ದಾದರೆ ಮೊದಲು ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಿಕೊಂಡು ಬನ್ನಿ, ಇಲ್ಲದಿದ್ದರೆ ಅದು ಯಾವ ಮಗುವಿನದ್ದು ಎಂದು ಹೇಳುವವರಿಲ್ಲ.

ಡಿಸೋಜ, ಡಿಸಿಲ್ವ, ಡಿಕುನ್ಹ ಹೆಸರಿನವರಿಗೆ ಇನ್ನೊಂದು ತಾಪತ್ರಯ. ಬ್ಯಾಂಕಿನಲ್ಲಿ 'ಡಿ' ಆದ ಮೇಲೆ ಮೇಲ್ಚಿಹ್ನೆ (ಅಪಾಸ್ಟ್ರಫಿ), ಆಧಾರ್‌ನಲ್ಲಿ ಖಾಲಿ ಜಾಗ, ಪಾಸ್‌ಪೋರ್ಟಿನಲ್ಲಿ ಎರಡೂ ಕೂಡಿ ಒಂದೇ ಪದ. ಪಾಸ್‌ಪೋರ್ಟಿನ ಕೆಳಗಡೆ ಬಾಣದ ಗುರುತುಗಳಿಂದ ತುಂಬಿರುವ ಎರಡು ಸಾಲುಗಳಿವೆಯಲ್ಲ, ಯಂತ್ರ ಓದುವುದು ಅದನ್ನೇ. ಅಲ್ಲಿ ಮೇಲ್ಚಿಹ್ನೆಗೆ ಜಾಗವಿಲ್ಲ, ಅಕ್ಷರಗಳು ಕೂಡಿಯೇ ಬರುತ್ತವೆ. ಅರ್ಜಿ, ವಿಮೆ, ಟಿಕೆಟ್, ಹೋಟೆಲ್ ನಾಲ್ಕರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹಾಕಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಚಿಹ್ನೆಯೊಂದೇ ವ್ಯತ್ಯಾಸವಾದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಇನಿಶಿಯಲ್ ಬಿಡಿಸಿ ಬರೆದು ಹೆಸರೇ ಬೇರೆಯಾಗಿ ಕಾಣುತ್ತಿದ್ದರೆ, ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್ಟನ್ನು ನೋಟರಿ ಮುಂದೆ ಮಾಡಿಸಿ ಜೊತೆಗಿಡಿ. ಸಮಯವಿದ್ದರೆ ಬ್ಯಾಂಕಿನ ದಾಖಲೆಯನ್ನೇ ತಿದ್ದಿಸುವುದು ಇನ್ನೂ ಒಳ್ಳೆಯದು.

ಸರ್‌ನೇಮ್ ಕಾಲಮ್ಮೇ ಖಾಲಿ ಇರುವ ಪಾಸ್‌ಪೋರ್ಟುಗಳೂ ಇಲ್ಲಿ ಕಡಿಮೆಯಿಲ್ಲ. ಯುಎಇ 2022ರ ನವೆಂಬರಿನಿಂದ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ದುಬೈ ದಾರಿಯಾಗಿ ಯುರೋಪಿಗೆ ಹೋಗಿ, ಬರುವಾಗ ಅಲ್ಲಿ ಎರಡು ದಿನ ಸಂಬಂಧಿಕರ ಮನೆಯಲ್ಲಿ ಇರುವ ಆಲೋಚನೆ ಇದ್ದರೆ ಇದು ನಿಮಗೆ ನೇರವಾಗಿ ತಾಗುತ್ತದೆ. ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ರೀಇಶ್ಯೂ ಅರ್ಜಿ ಹಾಕಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ, ಆಮೇಲೆ ವೀಸಾದ ಮಾತು. ಹೇಗೂ ರೀಇಶ್ಯೂಗೆ ಹೋಗುವ ಮೊದಲು ದಿನಾಂಕಗಳನ್ನೂ ನೋಡಿಬಿಡಿ: ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್‌ನಿಂದ ಹೊರಡುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಹುಟ್ಟಿದ ಊರು ಬರೆಯುವಾಗಲೂ ಪಾಸ್‌ಪೋರ್ಟನ್ನೇ ನೋಡಿ. ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆದದ್ದು 2014ರ ನವೆಂಬರ್ 1ರಂದು, ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಕಾರ್ಕಳದಲ್ಲಿ ಹುಟ್ಟಿದವರ ಹಳೆಯ ದಾಖಲೆಗಳಲ್ಲಿ ದಕ್ಷಿಣ ಕನ್ನಡ ಎಂದೇ ಇರುತ್ತದೆ. ಅದನ್ನು ಸರಿಪಡಿಸುವ ಉತ್ಸಾಹ ಬೇಡ, ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅರ್ಜಿಯಲ್ಲೂ ಅದೇ.

ಇನ್ನು ದುಡ್ಡು. ಖಾತೆಯಲ್ಲಿ ಇಷ್ಟು ಲಕ್ಷ ಇರಲೇಬೇಕು ಎಂದು ಊರಲ್ಲಿ ಓಡಾಡುವ ಅಂಕಿಗಳಿಗೆ ಆಧಾರವಿಲ್ಲ. ಕೆಲವು ದೇಶಗಳು ದಿನದ ಲೆಕ್ಕವನ್ನೇ ಕೊಟ್ಟಿವೆ. ಫ್ರಾನ್ಸ್ ಕೇಳುವುದು ಹೋಟೆಲ್ ಬುಕಿಂಗ್ ಇದ್ದರೆ ತಲೆಗೆ ದಿನಕ್ಕೆ 65 ಯುರೋ, ಬುಕಿಂಗ್ ಇಲ್ಲದಿದ್ದರೆ 120. ಅಂದರೆ ಹೋಟೆಲ್ ಬುಕ್ ಮಾಡಿ 11 ದಿನ ಇರುವ ಒಬ್ಬರಿಗೆ 715 ಯುರೋ. ಇದು ಕನಿಷ್ಠ ಮಾತ್ರ. ಅಧಿಕಾರಿಗಳು ಮೊತ್ತಕ್ಕಿಂತ ಹೆಚ್ಚು ನೋಡುವುದು ಆ ದುಡ್ಡು ಎಲ್ಲಿಂದ ಬಂತು, ಎಷ್ಟು ದಿನದಿಂದ ಇದೆ ಎಂಬುದನ್ನು. ಅರ್ಜಿಗೆ ವಾರದ ಮೊದಲು ಭಾವನಿಂದ ತಂದು ಹಾಕಿದ 5 ಲಕ್ಷ ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ, ಅಷ್ಟೂ ದಿನ ಖಾತೆಯಲ್ಲಿ ಮಲಗಿದ್ದ 2 ಲಕ್ಷಕ್ಕಿಂತ ಅದರ ಬೆಲೆ ಕಡಿಮೆ.

ಅಡಿಕೆ ಕೃಷಿಕರ ಕಷ್ಟ ಇಲ್ಲೇ ಇರುವುದು. ಕೊಯ್ದು ಒಣಗಿಸಿ ಸುಲಿದ ಚಾಲಿಯನ್ನು ಯಾರೂ ತಿಂಗಳು ತಿಂಗಳು ಮಾರುವುದಿಲ್ಲ. ದರ ಏರುವವರೆಗೆ ಗೋಣಿಯಲ್ಲಿ ಕಟ್ಟಿಟ್ಟು, ಹಳೆ ಅಡಿಕೆಯಾದ ಮೇಲೆ ಒಂದೇ ಸಲ ಕೊಡುತ್ತಾರೆ. ಹಾಗಾಗಿ ಆರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ನಾಲ್ಕು ತಿಂಗಳು ಏನೂ ಇಲ್ಲ, ಐದನೇ ತಿಂಗಳಲ್ಲಿ ದೊಡ್ಡ ಮೊತ್ತ. ಗೊತ್ತಿಲ್ಲದವರ ಕಣ್ಣಿಗೆ ಇದಕ್ಕೂ ಭಾವನಿಂದ ತಂದ 5 ಲಕ್ಷಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸ ತೋರಿಸುವುದು ಮಾರಾಟದ ಬಿಲ್ಲು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಕೊಟ್ಟಿದ್ದರೆ ತೂಕ, ದರ, ಮೊತ್ತ ಇರುವ ಬಿಲ್ಲನ್ನು ಇಡಿ, ಸ್ಟೇಟ್‌ಮೆಂಟಿನಲ್ಲಿ ಅದೇ ಮೊತ್ತ ಜಮೆಯಾದ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಖಾಸಗಿ ವ್ಯಾಪಾರಿಗೆ ಕೊಟ್ಟು ನಗದು ತೆಗೆದುಕೊಂಡು ಖಾತೆಗೆ ಹಾಕಿದ್ದರೆ ಮೂಲ ತೋರಿಸುವುದು ಬಹಳ ಕಷ್ಟ. ಪ್ರವಾಸದ ಯೋಚನೆ ಇರುವ ವರ್ಷ ಅಡಿಕೆಯನ್ನು ಬಿಲ್ಲು ಸಿಗುವ ಕಡೆಗೇ ಕೊಡಿ, ದುಡ್ಡನ್ನು ಖಾತೆಗೇ ಹಾಕಿಸಿ.

ಜೊತೆಗೆ ಪಹಣಿ ಬೇಕು. ಅದು ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಬೇಕು. ಪಹಣಿ ಜಂಟಿಯಾಗಿ ಅಣ್ಣತಮ್ಮಂದಿರ ಹೆಸರಿನಲ್ಲಿದ್ದರೆ ನಿಮ್ಮ ಪಾಲು ಎಷ್ಟೆಂದು ಕವರಿಂಗ್ ಲೆಟರಿನಲ್ಲಿ ಹೇಳಿ. ಭೂಮಿ ಇದೆ ಎನ್ನುವುದು ಆಸ್ತಿಯ ಲೆಕ್ಕಕ್ಕಷ್ಟೇ ಅಲ್ಲ, ನೀವು ವಾಪಸ್ ಬರಲೇಬೇಕಾದ ಕಾರಣವೂ ಅದೇ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ ಹಾಕದೇ ಬಿಟ್ಟವರು ತುಂಬ ಜನ. ವೀಸಾ ಫೈಲಿಗೆ ರಿಟರ್ನ್ ಇದ್ದರೆ ಎಷ್ಟೋ ಅನುಕೂಲ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಎಂಬ ರಿಟರ್ನ್ ಫಾರಂ ನಡೆಯುವುದಿಲ್ಲ. ಬೇರೆ ವ್ಯಾಪಾರ ಇಲ್ಲದವರು ಐಟಿಆರ್-2ರಲ್ಲಿ ವಿನಾಯಿತಿ ಆದಾಯವಾಗಿ ತೋರಿಸಬೇಕು. ನಿಮ್ಮ ಆಡಿಟರಿಗೆ ಇದನ್ನು ನೆನಪಿಸಿ, ಏಕೆಂದರೆ ತೆರಿಗೆ ಬರುವುದಿಲ್ಲವೆಂದು ಕೆಲವರು ಆ ಅಂಕಿಯನ್ನೇ ಕೈಬಿಡುತ್ತಾರೆ, ಆಗ ವರ್ಷಕ್ಕೆ 2 ಲಕ್ಷ ದುಡಿಯುವವರು 4 ಲಕ್ಷದ ಪ್ರವಾಸಕ್ಕೆ ಹೊರಟಂತೆ ಕಾಣುತ್ತದೆ.

ಬೋಟ್ ಮಾಲಕರಿಗೂ ಇದೇ ಬಗೆಯ ತೊಂದರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪುರುಸೊತ್ತು ಸಿಗುವುದು ಆಗಲೇ, ಪ್ರವಾಸ ಹೊರಡುವುದೂ ಆಗಲೇ. ಹಾಗೆ ಹೋಗುವವರು ಅರ್ಜಿಯನ್ನು ಏಪ್ರಿಲಿನಲ್ಲೇ ಹಾಕಿದರೆ ಸ್ಟೇಟ್‌ಮೆಂಟಿನಲ್ಲಿ ದುಡಿಮೆಯ ತಿಂಗಳುಗಳು ಕಾಣುತ್ತವೆ. ಆಗಸ್ಟಿನಲ್ಲಿ ಹಾಕಿದರೆ ಹಿಂದಿನ ಎರಡು ತಿಂಗಳು ಖಾಲಿ. ಬೋಟಿನ ನೋಂದಣಿ, ಮೀನುಗಾರಿಕೆ ಲೈಸನ್ಸ್ ಎರಡರ ಪ್ರತಿಯೂ ಇರಲಿ.

ಸೊಸೈಟಿ ಠೇವಣಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮಲ್ಲಿ ಹಳ್ಳಿಯ ಸಹಕಾರಿ ಸಂಘದಲ್ಲೇ ಜೀವಮಾನದ ಉಳಿತಾಯ ಇಟ್ಟವರಿದ್ದಾರೆ, ಬ್ಯಾಂಕ್ ಖಾತೆ ಹೆಸರಿಗೆ ಮಾತ್ರ. ಕೈಬರಹದ ಪಾಸ್‌ಬುಕ್ಕಿನ ಜೆರಾಕ್ಸ್ ಇಟ್ಟರೆ ಅದನ್ನು ಓದುವವರಿಲ್ಲ. ಸಂಘದ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಪತ್ರ ಕೇಳಿ: ಸದಸ್ಯರ ಪೂರ್ತಿ ಹೆಸರು, ಠೇವಣಿ ಸಂಖ್ಯೆ, ಇಟ್ಟ ದಿನ, ಅವಧಿ ಮುಗಿಯುವ ದಿನ, ಈಗಿನ ಮೊತ್ತ, ಕಾರ್ಯದರ್ಶಿಯ ಸಹಿ, ಸೀಲು. ಹಾಗಿದ್ದೂ ಪ್ರವಾಸದ ಖರ್ಚಿನಷ್ಟನ್ನು ಮೂರ್ನಾಲ್ಕು ತಿಂಗಳು ಮುಂಚೆಯೇ ಚೆಕ್ ಮೂಲಕ ಬ್ಯಾಂಕ್ ಖಾತೆಗೆ ವರ್ಗಾಯಿಸಿಕೊಳ್ಳುವುದು ನನ್ನ ಸಲಹೆ. ಮನೆಯಲ್ಲಿರುವ ಬಂಗಾರ ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ನಮ್ಮ ಜಿಲ್ಲೆಗಳದ್ದೇ ವಿಶೇಷ. ಇಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ವಿಜಯಾ ಬ್ಯಾಂಕ್ 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದ ಜೊತೆ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲಿನಲ್ಲಿ ಕೆನರಾದ ಜೊತೆ, ಕಾರ್ಪೊರೇಶನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನ ಜೊತೆ ವಿಲೀನವಾದವು. ಹಿರಿಯರ ಕಪಾಟಿನಲ್ಲಿ ಹಳೆಯ ಹೆಸರಿನ ಠೇವಣಿ ರಸೀದಿಗಳು ಈಗಲೂ ಇವೆ. ಈಗ ಅಸ್ತಿತ್ವದಲ್ಲೇ ಇಲ್ಲದ ಬ್ಯಾಂಕಿನ ಕಾಗದವನ್ನು ಇಡಬೇಡಿ, ಶಾಖೆಗೆ ಹೋಗಿ ಈಗಿನ ಹೆಸರಿನಲ್ಲಿ ಬ್ಯಾಲೆನ್ಸ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಸ್ಟೇಟ್‌ಮೆಂಟ್ ಕೂಡ ಮೊಬೈಲಿನಿಂದ ಇಳಿಸಿದ ಪ್ರಿಂಟ್ ಸಾಲದು, ಪ್ರತಿ ಪುಟಕ್ಕೂ ಶಾಖೆಯ ಸೀಲು ಸಹಿ ಹಾಕಿಸಿ. ಕೆಲವು ದೇಶಗಳು 3 ತಿಂಗಳದ್ದು, ಕೆಲವು 6 ತಿಂಗಳದ್ದು ಕೇಳುತ್ತವೆ. 6 ತಿಂಗಳದ್ದೇ ತೆಗೆಸಿದರೆ ಎರಡಕ್ಕೂ ಆಯಿತು.

ಮಗ ಅಥವಾ ಮಗಳು ಗಲ್ಫಿನಿಂದ ಖರ್ಚು ಕೊಡುವುದಾದರೆ ಆ ದುಡ್ಡನ್ನು ತರಾತುರಿಯಲ್ಲಿ ನಿಮ್ಮ ಖಾತೆಗೆ ಹಾಕಿಸಿಕೊಳ್ಳುವ ಬದಲು ಅವರೇ ಖರ್ಚು ಭರಿಸುತ್ತಾರೆ ಎಂದು ನೇರವಾಗಿ ಹೇಳಿ. ಅವರ ಪ್ರಾಯೋಜಕ ಪತ್ರ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ ತರಿಸಿ. ಯುಎಇ 2022ರ ಏಪ್ರಿಲಿನಿಂದ ರೆಸಿಡೆನ್ಸ್ ಸ್ಟಿಕ್ಕರನ್ನು ಪಾಸ್‌ಪೋರ್ಟಿನಲ್ಲಿ ಅಂಟಿಸುತ್ತಿಲ್ಲ, ಆದ್ದರಿಂದ ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿಯ ಎರಡೂ ಬದಿಯ ಪ್ರತಿ ಬೇಕು. ತಂದೆ ಗಲ್ಫಿನಲ್ಲಿದ್ದು ತಾಯಿ ಮಕ್ಕಳಷ್ಟೇ ಹೊರಟರೆ, ತಂದೆಯ ಒಪ್ಪಿಗೆ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಮೂಲ ಪ್ರತಿಯನ್ನೇ ಊರಿಗೆ ಬರುವವರ ಕೈಯಲ್ಲಿ ಕಳಿಸಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ಕೆಲಸಕ್ಕೆ ಬಾರದು.

ಉಳಿದ ಕಾಗದಗಳು ಬೇಗ ಮುಗಿಯುತ್ತವೆ. ಕೆಲಸದಲ್ಲಿರುವವರಿಗೆ 3 ತಿಂಗಳ ಸಂಬಳದ ಚೀಟಿ, ರಜೆ ಮಂಜೂರಾತಿ ಪತ್ರ. ವಿದ್ಯಾರ್ಥಿಗೆ ಕಾಲೇಜಿನ ಬೋನಾಫೈಡ್. ನಿವೃತ್ತರಿಗೆ ಪಿಂಚಣಿ ಆದೇಶ. ಫೋಟೋ 35×45 ಮಿಲಿಮೀಟರ್, 6 ತಿಂಗಳೊಳಗಿನದ್ದು, ಹಿನ್ನೆಲೆ ತಿಳಿ ಬಣ್ಣ. ಸ್ಟುಡಿಯೋದವರು ಮುಖ ಬೆಳ್ಳಗೆ ಮಾಡದಂತೆ ಮೊದಲೇ ಹೇಳಿ. ವಿಮೆ ಕನಿಷ್ಠ 30,000 ಯುರೋದ್ದು, ಎಲ್ಲ ಷೆಂಗೆನ್ ದೇಶಗಳಿಗೂ, ಅಲ್ಲಿ ಇರುವ ಎಲ್ಲ ದಿನಕ್ಕೂ. ರಾತ್ರಿ ವಿಮಾನದಲ್ಲಿ ಇಲ್ಲಿ 9ನೇ ತಾರೀಕು ಹೊರಟು ಅಲ್ಲಿ 10ನೇ ತಾರೀಕು ಇಳಿಯುವವರು ಹೋಟೆಲ್ 9ರಿಂದ, ವಿಮೆ 10ರಿಂದ, ಅರ್ಜಿಯಲ್ಲಿ 9 ಎಂದು ಬರೆದು ಗೋಜಲು ಮಾಡಿಕೊಳ್ಳುತ್ತಾರೆ. ಅರ್ಜಿಯಲ್ಲಿ ಕೇಳುವುದು ಷೆಂಗೆನ್ ನೆಲಕ್ಕೆ ಇಳಿಯುವ ದಿನ. ಟಿಕೆಟನ್ನು ವೀಸಾ ಕೈಗೆ ಬರುವ ಮುಂಚೆ ಪೂರ್ತಿ ದುಡ್ಡು ಕೊಟ್ಟು ಕೊಳ್ಳಬೇಡಿ, ರಿಸರ್ವೇಶನ್ ಸಾಕು. ಹೋಟೆಲ್ ರದ್ದು ಮಾಡಬಹುದಾದದ್ದನ್ನೇ ಹಿಡಿಯಿರಿ, ಆದರೆ ತೀರ್ಮಾನ ಬರುವವರೆಗೆ ರದ್ದು ಮಾಡಬೇಡಿ. ಅವರು ಹೋಟೆಲಿಗೆ ಕೇಳಿ ನೋಡುವುದುಂಟು.

ಏಜೆಂಟರ ಮೂಲಕ ಹೋಗುವುದರಲ್ಲಿ ತಪ್ಪಿಲ್ಲ. ಅರ್ಜಿಯಲ್ಲಿ ಮೊಬೈಲ್ ಮತ್ತು ಇಮೇಲ್ ಮಾತ್ರ ನಿಮ್ಮದೇ ಇರಲಿ, ಸಹಿ ಮಾಡುವ ಮುಂಚೆ ಪ್ರತಿ ಕಾಲಮ್ಮನ್ನೂ ಓದಿ. ಸುಳ್ಳು ಕಾಗದ ಸಿಕ್ಕರೆ ಉತ್ತರ ಕೊಡಬೇಕಾದವರು ಸಹಿ ಹಾಕಿದ ನೀವು.

ಬೆರಳಚ್ಚು ಕೊಡಲು ಸಾಮಾನ್ಯವಾಗಿ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದ್ ಆಗುವುದು, ಸಕಲೇಶಪುರ-ಸುಬ್ರಹ್ಮಣ್ಯ ನಡುವೆ ಹಳಿಯ ಮೇಲೆ ಮಣ್ಣು ಬಿದ್ದು ರೈಲು ನಿಲ್ಲುವುದು ಹೊಸತಲ್ಲ. ಜುಲೈ-ಆಗಸ್ಟಿನ ಅಪಾಯಿಂಟ್‌ಮೆಂಟ್ ಆದರೆ ಒಂದು ದಿನ ಮುಂಚೆಯೇ ತಲುಪಿ. ಬೇರೆ ಸಮಯದಲ್ಲೂ ರಾತ್ರಿ ಬಸ್ಸಿನಲ್ಲಿ ಹೋಗುವವರು 8 ಗಂಟೆಯ ಸ್ಲಾಟ್ ಬಿಟ್ಟು 11ರ ನಂತರದ್ದನ್ನು ಹಿಡಿಯಿರಿ. ದೊಡ್ಡ ಬ್ಯಾಗುಗಳನ್ನು ಕೇಂದ್ರದೊಳಗೆ ಬಿಡುವುದಿಲ್ಲ, ಬಸ್ಸಿಳಿದು ನೇರ ಹೋಗುವವರು ಅಲ್ಲಿ ಪೇಚಾಡುತ್ತಾರೆ. ಲಗೇಜನ್ನು ಲಾಡ್ಜಿನಲ್ಲೋ ಪರಿಚಿತರ ಮನೆಯಲ್ಲೋ ಇಟ್ಟು ಫೈಲು ಮಾತ್ರ ಹಿಡಿದು ಹೋಗಿ. ಮದುವೆ ಸೀಸನ್ನಿನಲ್ಲಿ ಬೆರಳ ತುದಿಗೆ ಮೆಹಂದಿ ಬೇಡ. ಅಡಿಕೆ ಸುಲಿದು ಬೆರಳು ಸವೆದಿದ್ದರೆ ಒಂದು ವಾರ ಆ ಕೆಲಸ ಬಿಟ್ಟು ರಾತ್ರಿ ತೆಂಗಿನೆಣ್ಣೆ ಹಚ್ಚಿ, ಬೆಳಿಗ್ಗೆ ಸಾಬೂನಿನಿಂದ ತೊಳೆದು ಒರೆಸಿಕೊಂಡು ಹೋಗಿ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳವರೆಗೆ ಮತ್ತೆ ಬಳಕೆಗೆ ಬರುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ.

ತಿರಸ್ಕಾರವಾದರೆ ಒಂದು ಮುದ್ರಿತ ಹಾಳೆ ಬರುತ್ತದೆ, ಅದರಲ್ಲಿ ಕಾರಣದ ಚೌಕಕ್ಕೆ ಗುರುತು ಹಾಕಿರುತ್ತಾರೆ. ಖರ್ಚಿಗೆ ಸಾಕಷ್ಟು ಹಣದ ಪುರಾವೆ ಇಲ್ಲ, ಪ್ರವಾಸದ ಉದ್ದೇಶ ಸ್ಪಷ್ಟವಿಲ್ಲ, ವಾಪಸ್ ಹೋಗುವ ಬಗ್ಗೆ ಸಂಶಯವಿದೆ ಎಂಬ ಮೂರನ್ನು ಮುಖ್ಯವಾಗಿ ನೋಡಿ. ಹಣದ ಚೌಕಕ್ಕೆ ಗುರುತಾಗಿದ್ದರೆ ಮೇಲೆ ಹೇಳಿದ ಬಿಲ್ಲು, ರಿಟರ್ನ್, ಸೊಸೈಟಿ ಪತ್ರ ಸೇರಿಸಿ ಹೊಸ ಅರ್ಜಿ ಹಾಕಬಹುದು. ಅದೇ ಕಾಗದಗಳನ್ನು ಇನ್ನೊಂದು ದೇಶಕ್ಕೆ ಕೊಟ್ಟು ಅದೃಷ್ಟ ನೋಡುವುದು ದುಡ್ಡು ದಂಡ, ತಿರಸ್ಕಾರದ ದಾಖಲೆ ಎಲ್ಲ ಷೆಂಗೆನ್ ದೇಶಗಳಿಗೂ ಕಾಣುತ್ತದೆ. ಜರ್ಮನಿಯವರು ತಿರಸ್ಕಾರದ ಮೇಲೆ ಮರುಪರಿಶೀಲನೆ ಕೋರುವ ವ್ಯವಸ್ಥೆಯನ್ನೇ 2025ರ ಜುಲೈ 1ರಿಂದ ತೆಗೆದಿದ್ದಾರೆ. ಉಳಿದದ್ದು ಹೊಸ ಅರ್ಜಿ ಅಥವಾ ಅಲ್ಲಿನ ನ್ಯಾಯಾಲಯ. ಮುಂದೆ ಬ್ರಿಟನ್ ಅಥವಾ ಕೆನಡಾ ಅರ್ಜಿಯಲ್ಲಿ ಹಿಂದೆ ವೀಸಾ ನಿರಾಕರಣೆ ಆಗಿದೆಯೇ ಎಂದು ಕೇಳುತ್ತಾರೆ, ಮುಚ್ಚಿಡಬೇಡಿ.

ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಸ್ಟಿಕ್ಕರನ್ನು ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯೇ ನೋಡಿದ ಮೇಲೆ ಮೂರು ಅಂಶ. ಒಂದು, ಎಷ್ಟು ಸಲ ಪ್ರವೇಶ: 1 ಎಂದಿದ್ದರೆ ನಡುವೆ ಲಂಡನ್‌ಗೆ ಹೋದವರು ಮತ್ತೆ ಪ್ಯಾರಿಸ್‌ಗೆ ಬರುವ ಹಾಗಿಲ್ಲ. ಎರಡು, ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ. ಮೂರು, ಇರಬಹುದಾದ ದಿನಗಳ ಸಂಖ್ಯೆ. ಅವಧಿ ಮೇ 10ರಿಂದ ಜೂನ್ 5ರವರೆಗೆ ಇದ್ದು ದಿನಗಳು 12 ಎಂದಿದ್ದರೆ, ಆ ಅವಧಿಯೊಳಗೆ ಯಾವುದಾದರೂ 12 ದಿನ ಎಂದೇ ಅರ್ಥ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ತಪ್ಪು ಕಂಡರೆ ಅದೇ ದಿನ ಅರ್ಜಿ ಕೇಂದ್ರಕ್ಕೆ ತಿಳಿಸಿ.

2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮೊಹರಿನ ಬದಲು ಕಂಪ್ಯೂಟರ್ ದಾಖಲಾತಿ ಹಂತಹಂತವಾಗಿ ಬಂದಿದೆ. ಹಾಗಾಗಿ ಹೋಗಿಬಂದದ್ದಕ್ಕೆ ನಿಮ್ಮ ಹತ್ತಿರ ಉಳಿಯುವ ಪುರಾವೆ ಬೋರ್ಡಿಂಗ್ ಪಾಸ್, ಅದನ್ನು ಎಸೆಯಬೇಡಿ. 2024ರ ಏಪ್ರಿಲಿನಲ್ಲಿ ಭಾರತೀಯರಿಗೆಂದೇ ಬಂದ ನಿಯಮದ ಪ್ರಕಾರ, ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಮುಂದಿನದ್ದು ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಸಿಗಬಹುದು, ಪಾಸ್‌ಪೋರ್ಟಿನ ಅವಧಿ ಸಾಕಷ್ಟು ಉಳಿದಿದ್ದರೆ ಅದರ ನಂತರದ್ದು ಐದು ವರ್ಷದ್ದು. ಎರಡನೇ ಪ್ರವಾಸ ಮುಗಿಸಿದವರು ಮೂರನೇ ಅರ್ಜಿಯ ಕವರಿಂಗ್ ಲೆಟರಿನಲ್ಲಿ ಹಿಂದಿನ ಎರಡೂ ವೀಸಾದ ಸಂಖ್ಯೆ, ಹೋಗಿಬಂದ ದಿನಾಂಕ ಬರೆದು, ಹಳೆಯ ಪಾಸ್‌ಪೋರ್ಟನ್ನೂ ಜೊತೆಗಿಟ್ಟು ಇದನ್ನು ಕೇಳಿಯೇ ಕೇಳಿ.